ಚಲಪತಿಗೆ ಒತ್ತಕ್ಷರ ಬರುವುದಿಲ್ಲ

"ಇದರೊಳಗೆ ನಮ್ಮನೆ ಕಂಪ್ಯೂಟರ್ ಬರಬೇಕು!"

ಮೇಜಿನ ಮೇಲೆ ಟ್ಯಾಬ್ ಇಟ್ಟ ಸದ್ದಿಗೋ, ಆ ದನಿಗೋ, ಮೇಜಿನ ಕೆಳಗೆ ತೂರಿಕೊಂಡು ವೈರ್ ಹುಡುಕುತ್ತಿದ್ದ ಚಲಪತಿ ಗಾಬರಿಯಿಂದ ಎದ್ದ. ಎದ್ದವನ ತಲೆ ಹಲಗೆಗೆ ಟಣ್ ಎಂದು ಬಡಿಯಿತು.

"ಅಮ್ಮಾ...!"

ತಲೆ ಉಜ್ಜಿಕೊಳ್ಳುತ್ತಾ ಹೊರಗೆ ಬಂದರೆ ಎದುರಿಗೆ ಒಬ್ಬಳು ಹುಡುಗಿ. ಹೆಗಲಲ್ಲಿ ಚೀಲ, ಹಣೆಯ ಮೇಲೆ ಬೆವರು, ಕಣ್ಣಲ್ಲಿ ಮಾತ್ರ ಕೋರ್ಟಿಗೆ ಬಂದ ವಕೀಲರ ಗತ್ತು.

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಚಲಪತಿಗೆ ಏಳು ವರ್ಷವಾಗಿತ್ತು. ಮಾನಿಟರನ್ನೇ ಕಂಪ್ಯೂಟರ್ ಎಂದು ಹೊತ್ತು ತಂದವರನ್ನು ನೋಡಿದ್ದ, ಕೀಬೋರ್ಡಿಗೆ ಕಾಫಿ ಕುಡಿಸಿದವರನ್ನು ನೋಡಿದ್ದ. ಮನೆಯ ಕಂಪ್ಯೂಟರನ್ನು ಟ್ಯಾಬಿಗೆ ತುಂಬಿಸಿಕೊಡಿ ಎಂದವರನ್ನು ಮಾತ್ರ ನೋಡಿರಲಿಲ್ಲ. ಪಾಪ, ತಡೆಯಲಾಗದೆ ನಕ್ಕುಬಿಟ್ಟ.

"ಅಷ್ಟು ದೊಡ್ಡದು ಇಷ್ಟರೊಳಗೆ ಎಂಗ್ ಇಡಿಸ್ತದೆ ಮೇಡಂ?"

ಅವಳ ಮೂಗಿನ ತುದಿ ಕೆಂಪಾಯಿತು.

"ನಾನು ಸರ್ಕಸ್ ಕೇಳ್ತಾ ಇಲ್ಲ ರೀ. ಉರಿಗಾಂನಲ್ಲಿ ನಮ್ಮನೇಲಿರೋ ಕಂಪ್ಯೂಟರನ್ನ ಇಲ್ಲಿ ಕೂತು ನಡೆಸಬಹುದು ಅಂತ ವಿಡಿಯೋದಲ್ಲಿ ನೋಡಿದೀನಿ. ನಿಮಗೆ ಬರುತ್ತೋ ಇಲ್ವೋ, ಅಷ್ಟು ಹೇಳಿ. ಬರಲ್ಲ ಅಂದ್ರೆ ನಗೋದಾದ್ರೂ ನಿಲ್ಸಿ!"

ಚಲಪತಿಯ ನಗು ಗಂಟಲಲ್ಲೇ ನಿಂತಿತು. 'ಅಬ್ಬಾ... ಗುಂಟೂರು ಮೆಣಸಿನಕಾಯಿ!' ಎಂದುಕೊಂಡ. ಬಾಯಲ್ಲಿ ಮಾತ್ರ ಬೆಣ್ಣೆಯಂಥ ಮಾತು ಬಂತು.

"ಬರ್ತದೆ ಮೇಡಂ. ಕೂತ್ಕಳಿ, ನೀರ್ ಕುಡೀರಿ. ಮೊದ್ಲು ವಿಷಯ ಏನಂತ ಏಳಿ."

ವಿಷಯ ಇಷ್ಟೇ. ಹುಡುಗಿಯ ಹೆಸರು ವನಿತಾ. ಅವಳು ಹಗಲೆಲ್ಲ ಕೆಲಸ ಮಾಡುತ್ತಿದ್ದದ್ದು ಅದೇ ರಸ್ತೆಯ ತುದಿಯ ಶ್ರೀನಿವಾಸಪ್ಪನವರ ಲಗ್ನಪತ್ರಿಕೆ ಅಂಗಡಿಯಲ್ಲಿ. ಗಿರಾಕಿಗಳಿಗೆ ಕಾರ್ಡ್ ತೋರಿಸುವುದು, ಏನು ಬರೆಸಬೇಕೆಂದು ಕೇಳಿ ಬರೆದುಕೊಳ್ಳುವುದು ಅಲ್ಲಿ. ಅದನ್ನು ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಅಂದವಾಗಿ ಜೋಡಿಸುವುದು ಸಂಜೆ ಮನೆಯಲ್ಲಿ, ತನ್ನ ಸ್ವಂತ ಕಂಪ್ಯೂಟರಿನಲ್ಲಿ. ಅವಳ ಹಳೆಯ ಸಾಫ್ಟ್‌ವೇರು, ಹಳೆಯ ಫಾಂಟುಗಳು ಆ ಒಂದು ಯಂತ್ರದಲ್ಲಿ ಮಾತ್ರ ನೆಟ್ಟಗೆ ಬರುತ್ತಿದ್ದವು. ಬೇರೆ ಕಡೆ ತೆರೆದರೆ 'ಶ್ರೀ' ಎಂಬುದು ಕೋಳಿ ಕೆದಕಿದಂತೆ ಕಾಣುತ್ತಿತ್ತು. ಗಿರಾಕಿ ಬಂದು "ನಮ್ ದೊಡ್ಡಪ್ಪನ ಎಸ್ರು ಬಿಟ್ಟೋಗದೆ" ಎಂದರೆ ಆ ಒಂದು ಹೆಸರು ಸೇರಿಸಲು ಒಂದು ದಿನ ಕಾಯಬೇಕಿತ್ತು.

ಕಂಪ್ಯೂಟರನ್ನೇ ಅಂಗಡಿಗೆ ತಂದಿಡಮ್ಮ ಎಂದು ಶ್ರೀನಿವಾಸಪ್ಪ ಹೇಳಿ ನೋಡಿದ್ದರು. ವನಿತಾ ಒಪ್ಪಿರಲಿಲ್ಲ. ಅಂಗಡಿಗೆ ಹೋದ ವಸ್ತು ಮೆಲ್ಲಗೆ ಅಂಗಡಿಯದೇ ಆಗಿಬಿಡುತ್ತದೆ ಎಂಬ ಅಂಜಿಕೆ ಅವಳಿಗೆ.

"ಅರ್ಥ ಆಯ್ತು," ಎಂದ ಚಲಪತಿ. "ಈ ಕಡೆ ಒಂದು ಆ್ಯಪ್ ಆಕ್ತೀನಿ. ಆ ಕಡೆ ಆಕೋಕೆ ಒಂದ್ಸಲ ನಿಮ್ಮನೆಗೆ ಬರ್ಬೇಕು. ಆಮೇಲೆ ಅಲ್ಲಿರೋ ಪರದೆ ಇಲ್ಲಿ ಕಾಣ್ತದೆ. ನೀವಿಲ್ಲಿ ಬೆರಳಾಡಿಸಿದ್ರೆ ಅಲ್ಲಿ ಮೌಸಿನ ಬಾಣ ಓಡಾಡ್ತದೆ."

"ಪಾಸ್‌ವರ್ಡ್ ಕೇಳ್ತಾ ಇದೆ..." ಎಂದು ವನಿತಾ, ಅವನು ಆ್ಯಪ್ ಹಾಕಿಕೊಟ್ಟ ಟ್ಯಾಬ್ ಹಿಡಿದು ಅನುಮಾನದಿಂದ ಅವನ ಮುಖ ನೋಡಿದಳು.

ಅವನು ಕುರ್ಚಿ ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟ.

"ಒತ್ಕಳಿ. ಯಾರಿಗೂ ಏಳ್ಬೇಡಿ. ನಂಗೂ ಏಳ್ಬೇಡಿ. ಅದು ಮನೆ ಬೀಗದ ಕೈ ಇದ್ದಂಗೆ."

ಗೋಡೆ ನೋಡುತ್ತಾ ಕೂತ ಆ ಬೆನ್ನನ್ನು ನೋಡಿ ವನಿತಾಳ ಕೋಪ ಎಲ್ಲಿ ಹೋಯಿತೋ! ಪಾಸ್‌ವರ್ಡನ್ನು ಎರಡು ಸಲ ತಪ್ಪಾಗಿ ಒತ್ತಿದಳು.

ಮುಂದಿನ ಭಾನುವಾರ ಚಲಪತಿ ಉರಿಗಾಂಗೆ ಹೋಗಿ, ಗಣಿ ಕಾರ್ಮಿಕರ ಹಳೇ ಮನೆ ಸಾಲಿನಲ್ಲಿದ್ದ ಅವರ ಎರಡು ಕೋಣೆಯ ಮನೆಯಲ್ಲಿ ಎಲ್ಲ ಜೋಡಿಸಿ ಬಂದ. ಕಂಪ್ಯೂಟರ್ ಯಾವಾಗಲೂ ಚಾಲೂ ಇರಬೇಕು, ಮೇನ್ ಸ್ವಿಚ್ ಆರಿಸಬಾರದು ಎಂದು ವನಿತಾಳ ತಾಯಿ ಕದಿರಮ್ಮನಿಗೆ ಮೂರು ಸಲ ಹೇಳಿದ. ಕದಿರಮ್ಮ ಮೂರು ಸಲವೂ ತಲೆಯಾಡಿಸಿದಳು.

ಸೋಮವಾರ ಬೆಳಿಗ್ಗೆ ವನಿತಾ ಅಂಗಡಿಯಲ್ಲಿ ಟ್ಯಾಬ್ ತೆರೆದು ಬೆರಳಾಡಿಸಿದಳು. ಎರಡೇ ನಿಮಿಷದಲ್ಲಿ ಮನೆಯಿಂದ ಫೋನ್ ಬಂತು.

"ವನಿತಾ... ಮನೇಲಿ ಯಾರೂ ಇಲ್ಲ ಕಣೇ, ಕಂಪ್ಯೂಟರ್ ತಾನೇ ತಾನಾಗಿ ಬರೀತಾ ಅದೆ! ದೆವ್ವ ಒಕ್ಕಂಡದೆ!"

"ನಾನೇ ಅಮ್ಮಾ ಅದು!"

"ನೀನು ಬಂಗಾರಪೇಟೇಲಿ ಇದ್ದೀಯಲ್ಲೇ!"

ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. ಎಲ್ಲ ಅರ್ಥವಾದ ಮೇಲೂ ಕದಿರಮ್ಮ ಎದಕ್ಕೂ ಇರಲಿ ಎಂದು ಕಂಪ್ಯೂಟರಿಗೆ ಒಂದು ಕರ್ಪೂರದ ಆರತಿ ಎತ್ತಿದಳು.

ಇದನ್ನು ಹೇಳಿದಾಗ ಚಲಪತಿ ನಕ್ಕ ನಗು ಇದೆಯಲ್ಲ, ಅದು ವನಿತಾಗೆ ಕೋಪ ತರಿಸಲಿಲ್ಲ. ಇನ್ನೊಂದು ಸಲ ನಗಲಿ ಎನಿಸಿತು.

ಆಮೇಲೆ ದಿನಾ ಹನ್ನೊಂದು ಗಂಟೆಗೆ ಒಂದು ಫೋನ್.

"ಲೈನ್ ಸಿಕ್ತಾ ಮೇಡಂ?"

"ಸಿಕ್ತು."

"ಸರಿ, ಇಡ್ತೀನಿ."

ಅಷ್ಟೇ ಮಾತು. ಆದರೆ ಇಡುವುದಕ್ಕೆ ಇಬ್ಬರಿಗೂ ಹತ್ತು ನಿಮಿಷ ಹಿಡಿಯುತ್ತಿತ್ತು. ಅಂಗಡಿಯ ಬಾಗಿಲ ಬಿಸಿಲು ಟ್ಯಾಬಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ ಎಂದು ಅವಳು ಒಮ್ಮೆ ಅಂದದ್ದಕ್ಕೆ, ಹಳೇ ಸಿಪಿಯು ಡಬ್ಬದ ತಗಡು ಕತ್ತರಿಸಿ, ಅಂಚು ಉಜ್ಜಿ, ನೆರಳಿನ ಮರೆ ಮಾಡಿ ತಂದುಕೊಟ್ಟ. ಸಂಜೆ ರೈಲು ತಡವಾದರೆ ಸ್ಟೇಷನ್ ಹೊರಗಿನ ಗಾಡಿಯಲ್ಲಿ ಪಾನಿಪುರಿ. ಅವನು ಊರಿನ ಹಸುಗಳ ಕಥೆ ಹೇಳುವನು, ಇವಳು ಕಾರ್ಡಿನಲ್ಲಿ ಯಾರ ಹೆಸರು ಮೇಲೆ ಬರಬೇಕೆಂದು ಜಗಳವಾಡುವ ಬೀಗರ ಕಥೆ ಹೇಳುವಳು. ಮನಸ್ಸಿನ ಮಾತನ್ನು ಮಾತ್ರ ಇಬ್ಬರೂ ಹೇಳಲಿಲ್ಲ.

'ಇವತ್ತು ಹೇಳ್ತಾರೆ...' ಎಂದುಕೊಂಡು ವನಿತಾ ರೈಲು ಹತ್ತುವಳು. 'ಹೋಗಲಿ, ನಾಳೆ ಹೇಳ್ತಾರೆ' ಎಂದುಕೊಂಡು ಇಳಿಯುವಳು. ಹೀಗೆ ಆರು ತಿಂಗಳು ಕಳೆದವು.

ಒಂದು ಬುಧವಾರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟುಗಳು ಮಾಯವಾದವು. ಎದುರಿಗೆ ಒಂಬತ್ತು ಜನ ಗಿರಾಕಿಗಳು. ವನಿತಾ ಫೋನಿನಲ್ಲಿ ಚಲಪತಿಗೆ ಒಂದು ಸಲದ ಕೋಡ್ ಹೇಳಿ, "ನೀವೇ ನಿಮ್ಮ ಅಂಗಡಿಯಿಂದ ಒಳಗೆ ಹೋಗಿ ನೋಡಿ, ಯಾವುದಾದ್ರೂ ಹಳೇ ಕಾರ್ಡ್ ತೆಗೆದು ಫಾಂಟ್ ಬರುತ್ತಾ ಅಂತ ಪರೀಕ್ಷೆ ಮಾಡಿ" ಎಂದು ಗಿರಾಕಿಗಳತ್ತ ತಿರುಗಿದಳು. ಅರ್ಧ ಗಂಟೆಯ ಮೇಲೆ ನೋಡಿದರೆ ಫಾಂಟು ಬಂದಿತ್ತು. ಚಲಪತಿ ಕಂಪ್ಯೂಟರಿನಿಂದ ಹೊರಗೆ ಹೋಗಿದ್ದ.

ಮರುದಿನ ಹನ್ನೊಂದು ಗಂಟೆಗೆ ಫೋನ್ ಬರಲಿಲ್ಲ.

ಅದರ ಮರುದಿನವೂ ಇಲ್ಲ.

ಮೂರನೇ ದಿನ ತಾನೇ ಮಾಡಿದಳು.

"ಏನ್ರೀ... ಹುಷಾರಿಲ್ವಾ?"

"ಚೆನ್ನಾಗಿದೀನಿ ಮೇಡಂ." ದನಿ ಯಾರದೋ ಎಂಬಂತಿತ್ತು. "ಇನ್ಮೇಲೆ ಏನಾದ್ರೂ ತೊಂದ್ರೆ ಆದ್ರೆ ಕೋಲಾರದಲ್ಲಿ ಮುನಿಶಾಮಿ ಅಂತ ಅವ್ರೆ, ಒಳ್ಳೇ ಕೆಲಸದೋರು. ನಂಬರ್ ಕಳಿಸ್ತೀನಿ."

"ಯಾಕೆ? ನೀವು?"

"ನಂಗೆ ಕೆಲಸ ಜಾಸ್ತಿ ಅದೆ... ನಿಮ್ಗೆ ಒಳ್ಳೇದಾಗ್ಲಿ ಮೇಡಂ."

ಫೋನ್ ಇಟ್ಟ. ವನಿತಾ ಕೈಯಲ್ಲಿನ ಫೋನನ್ನೇ ನೋಡುತ್ತಾ ನಿಂತಳು. ಒಳ್ಳೇದಾಗ್ಲಿ ಅಂದರೆ? ಊರು ಬಿಟ್ಟು ಹೋಗುವವರಿಗೆ ಹೇಳುವ ಮಾತಲ್ಲವೇ ಅದು! ನಾನೇನು ತಪ್ಪು ಮಾಡಿದೆ?

ಆ ಪ್ರಶ್ನೆಗೆ ಉತ್ತರ ಬಂದದ್ದು ಶ್ರೀನಿವಾಸಪ್ಪನವರ ಬಾಯಿಂದ. ಮುಂದಿನ ಗುರುವಾರ ಎಲೆಅಡಿಕೆ ಮೆಲ್ಲುತ್ತಾ ಸಲೀಸಾಗಿ ಹೇಳಿದರು.

"ನಮ್ ಚಲಪತಿಗೆ ಈ ಭಾನುವಾರ ಕಾಮಸಮುದ್ರದಲ್ಲಿ ಎಣ್ಣು ನೋಡೋ ಶಾಸ್ತ್ರ ಅಂತೆ ಕಣಮ್ಮ. ಇಷ್ಟು ವರ್ಷ ಬೇಡ ಬೇಡ ಅಂತಿದ್ದೋನು, ಓದ್ ವಾರ ಅವ್ರಮ್ಮ ಮುನಿರತ್ನಮ್ಮ ಕೇಳಿದ ತಕ್ಷಣ ಊಂ ಅಂದ್ನಂತೆ. ಕೂಡಿಬಂದ್ರೆ ಕಾರ್ಡು ನಮ್ದೇ. ಚೆನ್ನಾಗ್ ಮಾಡ್ಕೊಡು, ನಿಂಗೂ ಬೇಕಾದೋನು."

ವನಿತಾ "ಹೂಂ" ಎಂದಳು. ಕೈಯಲ್ಲಿದ್ದ ಕಾರ್ಡುಗಳ ಕಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಮತ್ತೆ ಜೋಡಿಸಿದಳು.

ಹಾಗಾದರೆ ಇದೇ ಕಾರಣ. ಒಳ್ಳೆಯ ಸಂಬಂಧ ಬಂದಿದೆ, ನನ್ನನ್ನು ಮೆಲ್ಲಗೆ ದೂರ ಇಟ್ಟರು. ಅವರೇನು ನನಗೆ ಮಾತು ಕೊಟ್ಟಿದ್ದರಾ? ಇಲ್ಲವಲ್ಲ! ಆಸೆಪಟ್ಟದ್ದು ನಾನು...

ಸಂಜೆ ಸ್ಟೇಷನ್ನಿಗೆ ಹೋಗುವಾಗ ಅವನ ಅಂಗಡಿಯ ಮುಂದೆ ಕಾಲು ತಾನಾಗಿ ನಿಧಾನವಾಯಿತು. ಒಳಗಿದ್ದ ಚಲಪತಿ ತಲೆಯೆತ್ತಿದ. ಒಂದು ಗಳಿಗೆ ಕಣ್ಣು ಕಣ್ಣು ಕೂಡಿದವು. ಮರುಗಳಿಗೆ ಅವನು ಯಾವುದೋ ವೈರ್ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ. ವನಿತಾ ಬಿರಬಿರನೆ ನಡೆದಳು. ಕೇಳಿಯೇಬಿಡೋಣ ಎಂದು ಬಾಯಿತನಕ ಬಂದ ಮಾತನ್ನು ಸ್ವಾಭಿಮಾನ ಹಿಡಿದು ನಿಲ್ಲಿಸಿತು. ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು.

ಶನಿವಾರ ಮಧ್ಯಾಹ್ನ. ಮೊಮ್ಮಗಳ ಮದುವೆ ಕಾರ್ಡಿನ ತಿದ್ದುಪಡಿಗೆ ಮುನಿಶಾಮಮ್ಮ ಎಂಬ ಅಜ್ಜಿ ಬಂದು ಕೂತಿದ್ದಳು. ಟ್ಯಾಬ್ ತೆರೆದರೆ ಮನೆಯ ಕಂಪ್ಯೂಟರ್ ಸಿಗುತ್ತಿಲ್ಲ! ವನಿತಾ ಅಮ್ಮನಿಗೆ ಫೋನ್ ಮಾಡಿದಳು.

"ಬೆಳಿಗ್ಗೆಯಿಂದ ಆ ಯುಪಿಎಸ್ ಕುಂಯ್ ಕುಂಯ್ ಅಂತಿತ್ತು ಕಣೇ, ಆಮೇಲೆ ಎಲ್ಲಾ ಆರೋಯ್ತು," ಎಂದಳು ಕದಿರಮ್ಮ. "ನಾನೇ ಚಲಪತಿಗೆ ಫೋನ್ ಮಾಡ್ದೆ. ಪಾಪ, ಇಲ್ಲ ಅನ್ಲಿಲ್ಲ. ಬಂದು ರಿಪೇರಿ ಮಾಡ್ತಾ ಅವ್ನೆ."

"ಅವರು... ಮನೆಗೆ ಬಂದಿದಾರಾ?"

"ಊಂ. ಟೀ ಇಡ್ತಾ ಇದೀನಿ. ಇಡು ಫೋನು, ಆಲು ಉಕ್ತದೆ!"

ಅಷ್ಟರಲ್ಲಿ ಟ್ಯಾಬಿನ ಪರದೆ ಬೆಳಗಿತು. ಲೈನ್ ಸಿಕ್ಕಿತ್ತು. ಮನೆಯ ಕಂಪ್ಯೂಟರು ಅವಳ ಕಣ್ಣ ಮುಂದೆ ತೆರೆದುಕೊಂಡಿತು. ಅವಳು ಬೆರಳು ಮುಟ್ಟಿಸಿರಲಿಲ್ಲ, ಆದರೂ ಬಾಣ ಚಲಿಸುತ್ತಿತ್ತು.

ಅವನು! ಅಲ್ಲಿ, ತನ್ನ ಕುರ್ಚಿಯಲ್ಲಿ ಕೂತಿದ್ದಾನೆ. ತಾನಿಲ್ಲಿ ನೋಡುತ್ತಿರುವುದು ಅವನಿಗೆ ಗೊತ್ತಾಗಿಲ್ಲ.

ಬಾಣ ಚುರುಕಾಗಿ ಅಲ್ಲಿ ಇಲ್ಲಿ ಓಡಾಡಿತು. ಪ್ರಿಂಟರ್ ನೋಡಿತು, ಫಾಂಟು ನೋಡಿತು. ಆಮೇಲೆ ಕಾರ್ಡುಗಳ ಫೋಲ್ಡರ್ ತೆರೆಯಿತು. ಅಲ್ಲಿ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು.

'ವನಿತಾ ಮದುವೆ - 1' ಎಂಬ ಹೆಸರಿನ ಮೇಲೆ.

ತೆರೆಯಲಿಲ್ಲ. ಸುಮ್ಮನೆ ನಿಂತಿತ್ತು. ಬಾಣ ಸ್ವಲ್ಪ ದೂರ ಸರಿಯಿತು, ಕಿಟಕಿ ಮುಚ್ಚುವ ಗುರುತಿನತನಕ ಹೋಯಿತು... ಮುಚ್ಚಲಿಲ್ಲ. ಮತ್ತೆ ವಾಪಸ್ ಬಂದು ಅದೇ ಹೆಸರಿನ ಮೇಲೆ ನಿಂತಿತು. ಅದರ ಅಕ್ಷರಗಳ ಮೇಲೆ ಮೆಲ್ಲಗೆ ಆ ತುದಿಯಿಂದ ಈ ತುದಿಗೆ ಹೋಯಿತು.

ಬಂಗಾರಪೇಟೆಯಲ್ಲಿ ವನಿತಾ ಟ್ಯಾಬಿನ ಮೇಲೆ ಬಗ್ಗಿದಳು.

"ಅಯ್ಯೋ ದೇವರೇ..." ಎಂದಳು ಗಟ್ಟಿಯಾಗಿಯೇ.

ಫಾಂಟು ಕೆಟ್ಟಿದ್ದ ಆ ಬುಧವಾರ! ಪರೀಕ್ಷೆಗೆಂದು ಹಳೇ ಕಾರ್ಡ್ ತೆಗೆಯಿರಿ ಎಂದಿದ್ದಳಲ್ಲ. ಅವನು ತೆಗೆದದ್ದು ಇದನ್ನೇ! ಮೇಲೆ ಶ್ರೀ ಕೋಟಿಲಿಂಗೇಶ್ವರ ಪ್ರಸನ್ನ. ಕೆಳಗೆ ಚಿ|| ಕುಂ|| ಸೌ|| ವನಿತಾ, ಅದರ ಪಕ್ಕದಲ್ಲಿ ಚಿ|| ರಾ|| ಮುನಿರಾಜ್. ಮುಹೂರ್ತ, ಛತ್ರ, ಸುಖಾಗಮನ ಬಯಸುವವರು, ಎಲ್ಲಾ ಇತ್ತು.

ಅದು ಮಾದರಿ ಕಾರ್ಡು. ಗಿರಾಕಿಗಳಿಗೆ ತೋರಿಸಲು ಮಾಡಿಟ್ಟದ್ದು. ಮೊದಲೊಮ್ಮೆ ಯಾರದೋ ನಿಜವಾದ ಕಾರ್ಡನ್ನೇ ಮಾದರಿಯೆಂದು ತೋರಿಸಿದ್ದಕ್ಕೆ, "ನಮ್ಮ ಹುಡುಗೀ ಹೆಸರು ಅಂಗಡಿ ಅಂಗಡೀಲಿ ಯಾಕೆ ತೂಗಾಡ್ತದೆ?" ಎಂದು ಆ ಮನೆಯವರು ಬಂದು ಕೂಗಾಡಿದ್ದರು. ಬೇರೆ ಹೆಣ್ಣುಮಕ್ಕಳ ಹೆಸರು ಯಾಕೆ, ತನ್ನದೇ ಇರಲಿ ಎಂದು ಅಂದಿನಿಂದ ಮದುಮಗಳ ಜಾಗದಲ್ಲಿ ವನಿತಾ ಎಂದೇ ಹಾಕುತ್ತಿದ್ದಳು. ಮದುಮಗನ ಜಾಗಕ್ಕೆ ಬಾಯಿಗೆ ಬಂದ ಹೆಸರು. "ಮದುವೆ ಆಗ್ದೇ ಇರೋ ಹುಡುಗಿ ಎಸ್ರು ಹಂಗೆಲ್ಲಾ ಬರೀಬಾರ್ದು ಕಣೇ" ಎಂದು ಕದಿರಮ್ಮ ಬೈದಾಗ ನಕ್ಕು ತಳ್ಳಿಹಾಕಿದ್ದಳು.

ಈಗ ನಗು ಬರಲಿಲ್ಲ. ನನಗೆ ಮದುವೆ ಗೊತ್ತಾಗಿದೆ ಎಂದುಕೊಂಡು ಈ ಮನುಷ್ಯ ಇಷ್ಟು ದಿನದಿಂದ ಒಳಗೊಳಗೇ... 'ಒಳ್ಳೇದಾಗ್ಲಿ' ಅಂದದ್ದು ಅದಕ್ಕೆ! ನಾಳೆ ಕಾಮಸಮುದ್ರಕ್ಕೆ ಹೊರಟಿರುವುದೂ ಅದಕ್ಕೇ!

ನಾಳೆ. ಇನ್ನು ಒಂದೇ ರಾತ್ರಿ ಇದೆ!

ಅವಳು ಬೆರಳನ್ನು ಪರದೆಯ ಮೇಲಿಟ್ಟಳು. ಉರಿಗಾಂನಲ್ಲಿ ಚಲಪತಿಯ ಕೈಯಲ್ಲಿದ್ದ ಬಾಣ ಅವನ ಮಾತು ಕೇಳದೆ ಸರಕ್ಕನೆ ಪಕ್ಕಕ್ಕೆ ಹೋಯಿತು. ಅವನು ಬೆಚ್ಚಿ ಮೌಸ್ ಬಿಟ್ಟಿರಬೇಕು, ಆ ಕಡೆಯಿಂದ ಎಳೆತ ನಿಂತಿತು.

ವನಿತಾ ಒಂದೊಂದಾಗಿ ತೆರೆದಳು.

'ವನಿತಾ ಮದುವೆ - 1'. ವರ ಮುನಿರಾಜ್.

'ವನಿತಾ ಮದುವೆ - 2', ತೆಲುಗಿನದು. ವರ ಕೋದಂಡಪ್ಪ.

ಮೂರನೆಯದು ತಮಿಳಿನದು. ಅದರಲ್ಲಿ ಇನ್ಯಾವನೋ. ನಾಲ್ಕನೆಯದರಲ್ಲಿ ಸೊಣ್ಣಪ್ಪ. ಹೀಗೆ ಹನ್ನೊಂದು ಕಾರ್ಡು, ಹನ್ನೊಂದು ಗಂಡಂದಿರು!

ಎಲ್ಲ ತೋರಿಸಿ ಕೈ ತೆಗೆದಳು. ಬಾಣ ಅಲುಗಲಿಲ್ಲ. ನಿಮಿಷವೊಂದು ಕಳೆಯಿತು. ಆಮೇಲೆ ಕೊನೆಯ ಕಾರ್ಡಿನ ಅಡಿಯಲ್ಲಿದ್ದ ಖಾಲಿ ಜಾಗದಲ್ಲಿ ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು. ಅವನು ಕನ್ನಡದಲ್ಲಿ ಕೀ ಒತ್ತಿ ಬರೆಯುತ್ತಿದ್ದ!

'ಎಷಟು ಮದುವೆ ಇವು'

ವನಿತಾ ಮೊದಲು ಅರ್ಥವಾಗದೆ ನೋಡಿದಳು. ಎಷಟು? ಆಮೇಲೆ ಹೊಳೆಯಿತು. ಕಂಡವರ ಕಂಪ್ಯೂಟರಿಗೆಲ್ಲ ಕನ್ನಡ ಹಾಕಿಕೊಡುವ ಈ ಮಹಾರಾಯನಿಗೆ ಯಾವ ಕೀ ಒತ್ತಿದರೆ ಒತ್ತಕ್ಷರ ಬರುತ್ತದೆ ಎಂಬುದು ಮಾತ್ರ ಗೊತ್ತಿಲ್ಲ!

ಟ್ಯಾಬಿನಲ್ಲಿ ಬರೆದಳು: 'ಎಲ್ಲಾ ಮಾದರಿ. ಗಿರಾಕಿಗಳಿಗೆ ತೋರಿಸೋಕೆ. ನಿಜವಾಗಿ ಯಾರೂ ಇಲ್ಲ.'

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾಳೆ ಎಂಬುದು ನೆನಪಾಯಿತು. ಹೆಣ್ಣಾಗಿ ಇಷ್ಟು ಮುಂದುವರಿಯಬಹುದೇ ಎಂದು ಒಂದು ಮನಸ್ಸು ಕೇಳಿತು. ಸುಮ್ಮನಿದ್ದು ಏನು ಗಳಿಸಿದೆ ಎಂದು ಇನ್ನೊಂದು ಮನಸ್ಸು ಬೈಯಿತು. ಕಾರ್ಡಿನಲ್ಲಿದ್ದ ಮದುಮಗನ ಹೆಸರನ್ನು ಅಳಿಸಿದಳು. ಚಿ|| ಕುಂ|| ಸೌ|| ವನಿತಾ ಎಂಬುದರ ಪಕ್ಕ, ಚಿ|| ರಾ|| ಎಂಬುದರ ಮುಂದೆ ಜಾಗ ಖಾಲಿಯಾಯಿತು. ಅಲ್ಲಿ ಸಣ್ಣ ಗೀರು ಮಿಣುಕುತ್ತಾ ಕಾಯುತ್ತಿತ್ತು. ವನಿತಾ ಟ್ಯಾಬಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

'ಬರೀರಿ... ದಮ್ಮಯ್ಯ, ಬರೀರಿ!'

ಚ... ಲ... ಪ... ತಿ.

ಈ ಹೆಸರಿಗೆ ಒತ್ತು ಬೇಕಿಲ್ಲ. ನೆಟ್ಟಗೆ ಬಂತು.

ವನಿತಾಳ ಕಣ್ಣು ತುಂಬಿ ಅಕ್ಷರಗಳು ಮಸುಕಾದವು. ಒರೆಸಿಕೊಂಡು ನೋಡುವಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು.

'ನನಗೆ ನಿಮಮನನ ಕಂಡರೆ ತುಂಬ ಇಷಟ'

ಅಳುವಿನ ಮಧ್ಯೆ ಅವಳಿಗೆ ಗೊಳ್ಳೆಂದು ನಗು ಬಂತು. ಎದುರಿಗೆ ಕೂತಿದ್ದ ಮುನಿಶಾಮಮ್ಮ ಕಕ್ಕಾಬಿಕ್ಕಿಯಾದಳು.

"ಯಾಕಮ್ಮಾ ಅಳ್ತೀಯ, ನಗ್ತೀಯ? ನಮ್ ಕಾರ್ಡಲ್ಲಿ ಅಂತಾದ್ದೇನು ಬರ್ದದೆ?"

"ನಿಮ್ಮ ಕಾರ್ಡಲ್ಲ ಅಜ್ಜೀ... ಇದು ಬೇರೆ ಕಾರ್ಡು. ತಪ್ಪಿದೆ, ತಿದ್ದಬೇಕು."

'ಒತ್ತು ಎಲ್ಲಿ?' ಎಂದು ಬರೆದಳು.

'ಅದು ಎಲಲಿ ಬರತದೆ'

'ಎಫ್ ಕೀ. ನಡುವೆ ಅದನ್ನ ಒತ್ತಿ.'

ಅವನು ಹೆಸರಿನ ಕೆಳಗೆ ಬರೆದದ್ದನ್ನೆಲ್ಲ ಅಳಿಸಿದ. ಮೊದಲಿನಿಂದ ಶುರು ಮಾಡಿದ. ಒಂದು ಬೆರಳಲ್ಲಿ ಹುಡುಕಿ ಹುಡುಕಿ ಒತ್ತುತ್ತಿರುವುದು ಇಲ್ಲಿಗೇ ಕಾಣುವಂತಿತ್ತು. ನಿಮ್... ನಿಮ್ಮ... ನಿಮ್ಮನ್ನ... ಮೂರು ನಿಮಿಷ ಹಿಡಿಯಿತೇನೋ. ವನಿತಾ ಒಂದೊಂದು ಅಕ್ಷರಕ್ಕೂ ಕಾದಳು.

'ನನಗೆ ನಿಮ್ಮನ್ನ ಕಂಡರೆ ತುಂಬ ಇಷ್ಟ'

ವನಿತಾ ಕೇಳಬೇಕಾದದ್ದನ್ನು ಕೇಳಿದಳು: 'ನಾಳೆ ಕಾಮಸಮುದ್ರ?'

ಗೀರು ಮಿಣುಕಿತು. ಮಿಣುಕುತ್ತಲೇ ಇತ್ತು. ಆಮೇಲೆ ಎರಡು ಅಕ್ಷರ.

'ಓಗ'

ಅಲ್ಲಿಗೆ ನಿಂತಿತು. ಓಗಬೇಕ? ಓಗಿ ಬರ್ತೀನಾ? ಏನು ಬರೆಯುತ್ತಿದ್ದಾನೆ ಇವನು? ವನಿತಾ ಮೇಜಿನ ಅಂಚನ್ನು ಹಿಡಿದುಕೊಂಡಳು.

'ಓಗಲ'

ಮತ್ತೆ ತಡ. ಎಫ್ ಕೀ ಹುಡುಕುತ್ತಿರಬೇಕು...

'ಓಗಲ್ಲ'

ಹಗಲೂ ಇರುಳೂ ಊರವರ ಕಾರ್ಡಿನ ತಪ್ಪು ತಿದ್ದುವ ವನಿತಾ ಆ 'ಓ'ವನ್ನು ತಿದ್ದಲು ಹೋಗಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಳು.

ಅಜ್ಜಿಯ ಕಾರ್ಡು ತಿದ್ದಿ, ಶ್ರೀನಿವಾಸಪ್ಪನವರಿಗೆ ಹೇಳಿ, ಅವಳು ಸಂಜೆಯ ಮಾರಿಕುಪ್ಪಂ ಪ್ಯಾಸೆಂಜರ್ ರೈಲು ಹತ್ತಿದಳು. ಉರಿಗಾಂ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಇಳಿದಿತ್ತು. ಪ್ಲಾಟ್‌ಫಾರಮ್ಮಿನ ಬೆಂಚಿನ ಪಕ್ಕ ಚಲಪತಿ ನಿಂತಿದ್ದ. ಟೂಲ್ ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದ, ಪರೀಕ್ಷೆ ಬರೆದು ಬಂದವನ ಮುಖ ಮಾಡಿಕೊಂಡಿದ್ದ.

ಹತ್ತು ಹೆಜ್ಜೆ ದೂರದಲ್ಲಿ ಇಬ್ಬರೂ ನಿಂತರು.

"ಕಾಮಸಮುದ್ರದೋರಿಗೆ ಫೋನ್ ಮಾಡ್ದೆ," ಎಂದ ಅವನೇ ಮೊದಲು. "ಬರಲ್ಲ, ತಪ್ಪು ನಂದೇ ಅಂತ ಏಳ್ದೆ. ಅವರು ಹುಡುಗೀನ ಇನ್ನೂ ಓದಿಸ್ಬೇಕು ಅಂತಿದ್ರು, ಬೇಜಾರ್ ಮಾಡ್ಕಳ್ಲಿಲ್ಲ."

"ನಿಮ್ಮಮ್ಮ?"

"ಬೈದ್ರು. ಪೂರಾ ಬೈದಾದ್ಮೇಲೆ, ಆ ಹುಡುಗಿಗೆ ದನದ ಆಲು ಕರೆಯಕ್ಕೆ ಬರ್ತದಾ ಅಂದ್ರು."

"ಅಯ್ಯೋ... ನೀವೇನಂದ್ರಿ?"

"ಟ್ಯಾಬಿನಿಂದ್ಲೇ ಕರೀತಾಳೆ ಅಂದೆ."

ವನಿತಾ ಫಕ್ಕನೆ ನಕ್ಕಳು. ನಗುತ್ತಲೇ ಹತ್ತಿರ ಬಂದಳು.

"ನಮ್ಮಮ್ಮ ನೋಡಿದ್ರಾ?"

"ಟೀ ತಂದು ನಿಂತ್ಕಂಡಿದ್ರು. ಓದಕ್ ಬರಲ್ಲ, ಏನು ಬರ್ದಿದ್ದೀಯ ಏಳಪ್ಪ ಅಂದ್ರು. ಮುಚ್ಚಿಡೋದು ಸರಿ ಕಾಣ್ಲಿಲ್ಲ. ಮೇಲಿಂದ ಕೆಳಗಂಟ ಓದಿ ಏಳ್ದೆ."

"ಏನಂದ್ರು?"

"ಒಳಗೋಗಿ ಟೀಗೆ ಇನ್ನೊಂದು ಚಮಚ ಸಕ್ಕರೆ ಆಕ್ಕೊಂಡು ಬಂದ್ರು."

ಇಬ್ಬರೂ ಬೆಂಚಿನ ಮೇಲೆ ಕೂತರು. ನಡುವೆ ಟೂಲ್ ಬ್ಯಾಗು. ವನಿತಾಳ ದನಿ ತಗ್ಗಿತು. ಅಷ್ಟು ದಿನದ ನೋವು ಅದರಲ್ಲಿತ್ತು.

"ಒಂದು ಮಾತು ಕೇಳಬಾರದಿತ್ತಾ ನನ್ನ? ಎಷ್ಟು ಅತ್ತೆ ಗೊತ್ತಾ ನಾನು... ಒಂದೇ ಒಂದು ಮಾತು!"

ಚಲಪತಿ ಹಳಿಗಳ ಕಡೆ ನೋಡಿದ.

"ಕೇಳ್ಬೇಕು ಅಂತ ನಾಕ್ ಸಲ ಫೋನ್ ತೆಗ್ದೆ. ನೀವು 'ಹೌದು' ಅಂದ್ಬಿಟ್ರೆ? ಕೇಳ್ದೆ ಇದ್ರೆ ಇನ್ನೂ ಒಂಚೂರು ಆಸೆ ಉಳ್ಕಂಡಿರ್ತದೆ ಅನ್ನಿಸ್ತು. ಅದನ್ನೂ ಕಳ್ಕಳಕ್ಕೆ ಧೈರ್ಯ ಬರ್ಲಿಲ್ಲ."

ವನಿತಾ ಅವನನ್ನು ನೋಡಿದಳು. ಇವನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ! ಇಬ್ಬರ ನಡುವೆ ಇದ್ದ ಟೂಲ್ ಬ್ಯಾಗನ್ನು ಎತ್ತಿ ಆಚೆಗಿಟ್ಟಳು.

"ಈಗ ಕೇಳಿ."

"ಏನು?"

"ಅವತ್ತು ಏನು ಕೇಳಬೇಕು ಅಂತಿದ್ರೋ ಅದನ್ನ."

ಅವನು ಆರು ತಿಂಗಳಲ್ಲಿ ಮೊದಲ ಸಲ ಮೇಡಂ ಎನ್ನಲಿಲ್ಲ.

"ವನಿತಾ... ನಿಂಗೆ ಮದುವೆ ಗೊತ್ತಾಗಿದ್ಯಾ?"

"ಹೂಂ. ಗೊತ್ತಾಗಿದೆ."

"ಯಾವಾಗ?"

"ಇವತ್ತು ಮಧ್ಯಾಹ್ನ."

"ಹುಡುಗ ಒಳ್ಳೆಯೋನಾ?"

ವನಿತಾ ಮೆಲ್ಲಗೆ ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಒಳ್ಳೆಯವರೇ... ಸ್ವಲ್ಪ ನಿಧಾನ, ಅಷ್ಟೆ."